ಆ ಉದ್ದನೆಯವನ ಸಂಬಳ ಎಷ್ಟು?

ಯುಗಾದಿಗೆ ಊರಿಗೆ ಹೋಗಿದ್ದೆ. ಹಬ್ಬದ ಮಾರನೇ ದಿನ ಮಧ್ಯಾಹ್ನ, ಹೊರಗೆ ಕಾಲಿಡೋಕಾಗದ ಬಿಸಿಲು. ಲ್ಯಾಪ್‌ಟಾಪಿನಲ್ಲಿ ‘ವೀಲರ್ ಡೀಲರ್ಸ್’ನ ಹಳೇ ಎಪಿಸೋಡು ಹಾಕಿಕೊಂಡು ಕೂತಿದ್ದೆ. ಅಪ್ಪ ಬಂದು ಪಕ್ಕದಲ್ಲಿ ಕೂತರು. ಅಪ್ಪನಿಗೆ ಇಂಗ್ಲಿಷ್ ಬರಲ್ಲ. ಆದರೆ ಈ ಕಾರ್ಯಕ್ರಮ ಅರ್ಥ ಆಗೋಕೆ ಇಂಗ್ಲಿಷ್ ಬೇಕಾಗಿಲ್ಲ. ಒಬ್ಬ ಹಳೇ ಕಾರಿಗೆ ಚೌಕಾಸಿ ಮಾಡ್ತಾನೆ, ಕೈ ಕುಲುಕ್ತಾನೆ, ಗಾಡಿ ತರ್ತಾನೆ. ಇನ್ನೊಬ್ಬ ಎರಡು ಮೀಟರ್ ಎತ್ತರದ ಆಳು ಕಿತ್ತಳೆ ಬಣ್ಣದ ಕೈಗವಸು ಹಾಕಿಕೊಂಡು ಅದನ್ನ ಬಿಚ್ಚಿ, ತೊಳೆದು, ಸರಿಮಾಡಿ ಕೊಡ್ತಾನೆ. ಮೊದಲನೆಯವನು ಅದನ್ನ ಮಾರ್ತಾನೆ. ಕೊನೆಗೆ ಲೆಕ್ಕ ಬರುತ್ತೆ: ಕೊಂಡದ್ದು ಇಷ್ಟು, ಖರ್ಚು ಇಷ್ಟು, ಮಾರಿದ್ದು ಇಷ್ಟು, ಲಾಭ ಇಷ್ಟು.

ಅಪ್ಪ ಲೆಕ್ಕ ಬಂದಾಗ ಮಾತ್ರ ಕನ್ನಡಕ ಸರಿ ಮಾಡಿಕೊಂಡು ಕೇಳಿದರು: “ಆ ಉದ್ದಕ್ಕವ್ನಲ್ಲ, ಅವನ ಕೂಲಿ ಎಲ್ಲಿ ಬರೆದವ್ರೆ?”

“ಅದನ್ನ ಲೆಕ್ಕಕ್ಕೆ ಹಿಡಿಯಲ್ಲ ಕಣಪ್ಪ.”

“ಹಂಗಾರೆ ಅವ್ನು ಮನೆಯವನೇ ಇರ್ಬೇಕು ಬುಡು.”

ಇಷ್ಟು ಹೇಳಿ ಅಪ್ಪ ಎದ್ದು ದನಕ್ಕೆ ನೀರು ತೋರಿಸೋಕೆ ಹೋದರು. ಹತ್ತಾರು ವರ್ಷ ಈ ಕಾರ್ಯಕ್ರಮ ನೋಡಿದ ನನಗೆ ಹೊಳೆಯದೇ ಇದ್ದದ್ದನ್ನ ಅಪ್ಪ ಒಂದೇ ಎಪಿಸೋಡಿನಲ್ಲಿ ಹಿಡಿದಿದ್ದರು. ಅವತ್ತಿನಿಂದ ನಾನು ಆ ಕೊನೆಯ ಲೆಕ್ಕವನ್ನ ಬೇರೆ ಥರ ನೋಡ್ತಾ ಇದೀನಿ.

ನೋಡದವರಿಗಾಗಿ ಸ್ವಲ್ಪ ಹೇಳಿಬಿಡ್ತೀನಿ. ‘ವೀಲರ್ ಡೀಲರ್ಸ್’ 2003ರಲ್ಲಿ ಬ್ರಿಟನ್ನಿನಲ್ಲಿ ಶುರುವಾದದ್ದು. ಕೊಳ್ಳೋದು, ಮಾರೋದು ಮೈಕ್ ಬ್ರೂವರ್. ರಿಪೇರಿ ಎಡ್ ಚೈನಾ. ಕೊಳ್ಳೋಕೂ ರಿಪೇರಿಗೂ ಸೇರಿ ಒಂದು ಬಜೆಟ್, ಅದರೊಳಗೇ ಮುಗಿಸಬೇಕು ಅನ್ನೋದು ಪಂದ್ಯ. ನಮ್ಮಲ್ಲಿ ಡಿಸ್ಕವರಿ ಬಳಗದ ಚಾನೆಲ್‌ಗಳಲ್ಲಿ ಬಂತು. ಪಿಜಿಯಲ್ಲಿ, ಹಾಸ್ಟೆಲಿನಲ್ಲಿ ರಾತ್ರಿ ಊಟದ ತಟ್ಟೆ ಹಿಡಿದು ಇದನ್ನ ನೋಡಿದ ಒಂದು ತಲೆಮಾರೇ ಇದೆ. ನಾನೂ ಅದರಲ್ಲಿ ಒಬ್ಬ.

ಮೊದಲು ಒಳ್ಳೆಯದನ್ನ ಹೇಳಬೇಕು, ಯಾಕಂದ್ರೆ ಅದು ತುಂಬಾ ಇದೆ. ನಾಲ್ಕು ವರ್ಷ ಬಿಇ ಓದಿದರೂ ಕಾರ್ಬ್ಯುರೇಟರ್ ಒಳಗೆ ಏನಾಗುತ್ತೆ ಅನ್ನೋದು ನನಗೆ ಸರಿಯಾಗಿ ಅರ್ಥವಾದದ್ದು ಎಡ್ ಚೈನಾ ಅದನ್ನ ಮೇಜಿನ ಮೇಲೆ ಬಿಚ್ಚಿಟ್ಟಾಗ. ಆತ ಕಿರುಚಲ್ಲ. ಕ್ಯಾಮೆರಾಗೆ ಡೈಲಾಗ್ ಹೊಡೆಯಲ್ಲ. ‘ಇದು ಇಲ್ಲಿಂದ ಸೋರ್ತಾ ಇದೆ, ಯಾಕಂದ್ರೆ ಈ ರಬ್ಬರ್ ಗಟ್ಟಿಯಾಗಿದೆ, ಹೊಸದು ಹಾಕೋದು ಹೀಗೆ’ ಅನ್ನೋ ಧಾಟಿ. ಅದೇ ಹೊತ್ತಿಗೆ ಅಮೆರಿಕದ ಕಾರು ಶೋಗಳಲ್ಲಿ ಸ್ಪ್ಯಾನರ್ ಎಸೆಯೋದು, ಜಗಳ ಆಡೋದು, ಗಡಿಯಾರ ತೋರಿಸಿ ಹೆದರಿಸೋದು ನಡೀತಿತ್ತು. ಇಲ್ಲಿ ಕೆಲಸವೇ ಕಥೆ. ಕೆಲಸ ಮಾಡುವವನನ್ನ ಇಷ್ಟು ಮರ್ಯಾದೆಯಿಂದ ತೋರಿಸಿದ ಟೀವಿ ಕಾರ್ಯಕ್ರಮ ನಾನು ಬೇರೆ ನೋಡಿಲ್ಲ.

ಅದಕ್ಕೇ ಕೊನೆಯ ಲೆಕ್ಕ ಚುಚ್ಚುತ್ತೆ.

ಒಂದು ಉದಾಹರಣೆ ಇಟ್ಕೊಳ್ಳಿ, ಅಂಕಿ ನನ್ನವು. 5000 ಪೌಂಡಿಗೆ ಕಾರು ತಂದರು. ಬಿಡಿಭಾಗಕ್ಕೆ 1200, ಹೊರಗಡೆ ಪೇಂಟ್ ಮಾಡಿಸಿದ್ದಕ್ಕೆ 800. ಒಟ್ಟು 7000. ಮಾರಿದ್ದು 8500ಕ್ಕೆ. ಲಾಭ 1500, ಸಂಗೀತ, ನಗು, ಮುಗೀತು. ಈಗ ವರ್ಕ್‌ಶಾಪಿನೊಳಗೆ 100 ಗಂಟೆ ಕೆಲಸ ಆಗಿದೆ ಅನ್ನಿ. ಗಂಟೆಗೆ 40 ಪೌಂಡ್ ಹಿಡಿದರೂ 4000. ಲಾಭ ಅಂದದ್ದು 2500 ನಷ್ಟ. ಗಮನಿಸಿ: ಪೇಂಟರಿಗೆ ಕೊಟ್ಟದ್ದು ಲೆಕ್ಕದಲ್ಲಿದೆ. ಹೊರಗಿನ ಕೂಲಿ ಕೂಲಿ, ಒಳಗಿನ ಕೂಲಿ ಸೊನ್ನೆ. ಟೀವಿಯವರು ಎಡ್‌ಗೆ ದುಡ್ಡು ಕೊಟ್ಟೇ ಇರ್ತಾರೆ, ಆ ಮಾತು ಬೇರೆ. ಆದರೆ ನಮಗೆ ತೋರಿಸಿದ ಲೆಕ್ಕದಲ್ಲಿ ಅವನು ಇಲ್ಲ. ‘ಕಡಿಮೆ ಬಜೆಟ್ಟಿನಲ್ಲಿ ಹಳೇ ಕಾರು ಎಬ್ಬಿಸಬಹುದು’ ಅನ್ನೋ ಮಾತು ನಿಂತಿರೋದೇ ಆ ಸೊನ್ನೆಯ ಮೇಲೆ.

ಈ ಸೊನ್ನೆ ಎಷ್ಟು ದೊಡ್ಡದು ಅಂತ ನೋಡಬೇಕಾದರೆ ಇಟಲಿಯ ಸ್ಪೋರ್ಟ್ಸ್ ಕಾರನ್ನ ನೋಡಬೇಕು. ಅಗ್ಗಕ್ಕೆ ಸಿಕ್ಕ ಇಟಲಿ ಕಾರಿಗಿಂತ ದುಬಾರಿ ವಸ್ತು ಇನ್ನೊಂದಿಲ್ಲ ಅಂತ ಈ ವ್ಯಾಪಾರದವರು ತಮಾಷೆ ಮಾಡ್ತಾರೆ. ಈ ಕಾರ್ಯಕ್ರಮದವರು ಫೆರಾರಿ 308 ಜಿಟಿ4, ಲ್ಯಾಂಬೋರ್ಗಿನಿ ಉರ್ರಾಕೊ ಅಂಥವನ್ನೂ ಬಿಟ್ಟಿಲ್ಲ. ಉರ್ರಾಕೊ ತಯಾರಾದದ್ದೇ 800ಕ್ಕಿಂತ ಕಡಿಮೆ, ಬಿಡಿಭಾಗ ಹುಡುಕೋದೇ ಒಂದು ಉದ್ಯೋಗ. ಅಷ್ಟು ಮೇಲಕ್ಕೆ ಹೋಗೋದು ಬೇಡ. ಸಾಮಾನ್ಯ ಸಂಬಳದವನು ಕೈಹಾಕಬಹುದಾದ ಇಟಲಿ ಸ್ಪೋರ್ಟ್ಸ್ ಕಾರು ಅಂತ ಎಲ್ಲರೂ ತೋರಿಸೋದು ಆಲ್ಫಾ ರೋಮಿಯೊ ಸ್ಪೈಡರನ್ನ. ನಾನು ಅದನ್ನ ಮುಟ್ಟಿಲ್ಲ, ಮುಟ್ಟೋ ಸಾಧ್ಯತೆಯೂ ಕಮ್ಮಿ. ಆದರೆ ಕಾರಿನ ರಿಪೇರಿ ಪುಸ್ತಕ ಓದೋ ಚಟ ಇದೆ, ಕೆಲವರಿಗೆ ಪತ್ತೇದಾರಿ ಕಾದಂಬರಿ ಇದ್ದ ಹಾಗೆ.

ಸ್ಪೈಡರ್ ಮೊದಲು ಕಾಣಿಸಿಕೊಂಡದ್ದು 1966ರ ಮಾರ್ಚ್‌ನಲ್ಲಿ, ಜಿನೀವಾ ಮೋಟಾರ್ ಶೋನಲ್ಲಿ. ವಿನ್ಯಾಸ ಪಿನಿನ್‌ಫರೀನಾ ಸಂಸ್ಥೆಯದು. ಅದರ ಸ್ಥಾಪಕ ಬತಿಸ್ತ ಪಿನಿನ್‌ಫರೀನಾ ಮರು ತಿಂಗಳೇ ತೀರಿಕೊಂಡರು. 1967ರ ‘ದಿ ಗ್ರಾಜುಯೇಟ್’ ಸಿನಿಮಾದಲ್ಲಿ ಡಸ್ಟಿನ್ ಹಾಫ್‌ಮನ್ ಓಡಿಸೋ ಕೆಂಪು ಕಾರು ಇದೇ. ಆ ಸಿನಿಮಾದ ಹೆಸರಿನ ಬಲದ ಮೇಲೆ ಸುಮಾರು 20 ವರ್ಷದ ನಂತರ ಅಮೆರಿಕದಲ್ಲಿ ‘ಗ್ರಾಜುಯೇಟ್’ ಅಂತಲೇ ಒಂದು ಅಗ್ಗದ ಆವೃತ್ತಿ ಮಾರಿದರು. ಸಣ್ಣಪುಟ್ಟ ಬದಲಾವಣೆಗಳ ಜೊತೆ 1993ರವರೆಗೂ ತಯಾರಾಗಿ, ಒಂದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಹಾಗಾಗಿ ಇವತ್ತಿಗೂ ಬಿಡಿಭಾಗ ಸಿಗುತ್ತೆ, ಬೆಲೆಯೂ ಫೆರಾರಿಯಷ್ಟಿಲ್ಲ. ಕಾಗದದ ಮೇಲೆ ಬಜೆಟ್ ಕಾರೇ.

ಕಾಗದದಿಂದ ಶೆಡ್ಡಿಗೆ ಬನ್ನಿ. 15 ವರ್ಷ ಯಾರೂ ಓಡಿಸದೆ ನಿಂತ ಸ್ಪೈಡರ್ ಸಿಕ್ಕಿದೆ ಅಂದುಕೊಳ್ಳಿ. ‘ಕಮ್ಮಿ ಓಡಿದೆ ಸಾರ್’ ಅಂತ ಮಾರುವವನು ಹೇಳ್ತಾನೆ. ಕಾರಿಗೆ ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು ಕೇಡು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಒಳಗಿಂದ ತುಕ್ಕು ಹಿಡಿದು ಪಿಸ್ಟನ್ ಅಂಟಿಕೊಳ್ಳುತ್ತೆ. ಸ್ಪೈಡರಿಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಅಂದ್ರೆ ನಾಲ್ಕು ಕಡೆ ಬಿಚ್ಚೋ ಕೆಲಸ. ಟ್ಯಾಂಕಿನ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ತೂತುಗಳನ್ನ ಮುಚ್ಚುತ್ತೆ. ಕ್ಲಚ್ ಪ್ಲೇಟು ಫ್ಲೈವೀಲಿಗೆ ಕಚ್ಚಿಕೊಳ್ಳುತ್ತೆ. ರಬ್ಬರ್ ಇರೋ ಕಡೆಯೆಲ್ಲ ಬಿರುಕು. ಇದರಲ್ಲಿ ಯಾವುದೂ ದುಬಾರಿ ಸಾಮಾನಲ್ಲ. ಒಂದು ಸೀಲ್ ಕಿಟ್ಟಿನ ಬೆಲೆ ಒಂದು ಊಟದ ಬೆಲೆ. ಆದರೆ ಆ ಕಿಟ್ಟು ಹಾಕೋಕೆ ಒಂದಿಡೀ ಭಾನುವಾರ ಬೇಕು.

ಆಮೇಲೆ ತುಕ್ಕು. ಮೇಲ್ಛಾವಣಿ ಇಲ್ಲದ ಕಾರು ಇದು. ಹಾಗಾಗಿ ಕಾರನ್ನ ಬಾಗದಂತೆ ಹಿಡಿಯೋ ಭಾರವೆಲ್ಲ ಕೆಳಗಿನ ತಗಡಿನ ಮೇಲೆ, ಅದರಲ್ಲೂ ಬಾಗಿಲ ಕೆಳಗೆ ಉದ್ದಕ್ಕೂ ಇರೋ ಪೆಟ್ಟಿಗೆಯಂಥ ಸಿಲ್‌ಗಳ ಮೇಲೆ. ಬಟ್ಟೆಯ ಹುಡ್ ಮೇಲೆ ಬಿದ್ದ ನೀರು ಇಳಿದು ಹೋಗೋ ದಾರಿಯಲ್ಲಿ ಎಲೆ, ಕಸ ಕಟ್ಟಿಕೊಂಡರೆ ಆ ನೀರು ಒಳಗೇ ನಿಲ್ಲುತ್ತೆ. ಸಿಲ್ ಒಳಗಿಂದ ಕೊಳೆಯುತ್ತೆ. ಹೊರಗೆ ಪೇಂಟ್ ಫಳಫಳ. ಯಾರೋ ಪುಟ್ಟಿ ಮೆತ್ತಿ ಬಣ್ಣ ಹೊಡೆದಿರಲೂಬಹುದು. ಅದಕ್ಕೇ ಬಲ್ಲವರು ಮ್ಯಾಗ್ನೆಟ್ಟಿಗೆ ಬಟ್ಟೆ ಸುತ್ತಿ ಜೇಬಲ್ಲಿಟ್ಟುಕೊಂಡು ಕಾರು ನೋಡೋಕೆ ಹೋಗ್ತಾರೆ. ಎಲ್ಲಿ ಅದು ಅಂಟಿಕೊಳ್ಳಲ್ಲವೋ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ.

ಸಿಲ್ ಬದಲಿಸೋದು ಟಿಂಕರಿಂಗ್ ಅಲ್ಲ, ಮೂಳೆ ಶಸ್ತ್ರಚಿಕಿತ್ಸೆ. ಕತ್ತರಿಸೋ ಮುಂಚೆ ಬಾಗಿಲ ಜಾಗಕ್ಕೆ ಕಬ್ಬಿಣದ ಪೈಪು ಅಡ್ಡ ಕೊಟ್ಟು ವೆಲ್ಡ್ ಮಾಡಬೇಕು. ಇಲ್ಲಾಂದ್ರೆ ಕಾರು ನಡುವಲ್ಲಿ ಜಗ್ಗುತ್ತೆ. ಹೊಸ ಸಿಲ್ ಕೂರಿಸಿದ ಮೇಲೆ ನೋಡಿದರೆ ಬಾಗಿಲು ಹಾಕೋಕೇ ಬರಲ್ಲ. ಅಷ್ಟು ಹೊತ್ತಿಗೆ ನೀವು ತಪ್ಪನ್ನೇ ಶಾಶ್ವತವಾಗಿ ವೆಲ್ಡ್ ಮಾಡಿಬಿಟ್ಟಿರ್ತೀರಿ. ಒಂದು ಪದರ ಅಲ್ಲ, ಒಳಗೆ ಇನ್ನೂ ಪದರಗಳಿವೆ. ಹೊರಗಿನದ್ದು ತೆಗೆದ ಮೇಲೇ ಒಳಗಿನದ್ದು ಉಳಿದಿದೆಯೋ ಇಲ್ಲವೋ ಗೊತ್ತಾಗೋದು. ಹಳೇ ಕೋಡ್‌ಬೇಸಲ್ಲಿ ‘ಚಿಕ್ಕ ಫಿಕ್ಸ್’ ಅಂತ ಕೈಹಾಕಿದವರಿಗೆ ಈ ಅನುಭವ ವಿವರಿಸಬೇಕಾಗಿಲ್ಲ.

ಎಂಜಿನ್ ಮಾತ್ರ ಪ್ರೀತಿ ಹುಟ್ಟಿಸೋ ಥರ ಇದೆ. ಬ್ಲಾಕೂ ಹೆಡ್ಡೂ ಅಲ್ಯೂಮಿನಿಯಂ, ಮೇಲೆ ಎರಡು ಕ್ಯಾಮ್‌ಶಾಫ್ಟ್, ಅವನ್ನ ತಿರುಗಿಸೋಕೆ ಚೈನು. 1960ರ ದಶಕದಲ್ಲಿ ಇದು ಮಾಮೂಲಿ ಕಾರುಗಳಲ್ಲಿ ಇರ್ತಿರಲಿಲ್ಲ. ಆದರೆ ವಾಲ್ವ್ ಕ್ಲಿಯರೆನ್ಸ್ ಸರಿ ಮಾಡಬೇಕಂದ್ರೆ ಸ್ಕ್ರೂ ತಿರುಗಿಸಿದರೆ ಆಗಲ್ಲ. ಅಳತೆ ತಗೊಂಡು ಬರೆದಿಟ್ಟುಕೊಳ್ಳಬೇಕು. ಕ್ಯಾಮ್‌ಶಾಫ್ಟ್ ಬಿಚ್ಚಬೇಕು. ಕೆಳಗಿರೋ ಬಿಲ್ಲೆಯನ್ನ ತೆಗೆದು, ಒಂದು ಕೂದಲೆಳೆ ತೆಳುವಿನದ್ದೋ ದಪ್ಪದ್ದೋ ಹಾಕಬೇಕು. ಮತ್ತೆ ಕೂರಿಸಿ, ಮತ್ತೆ ಅಳೆಯಬೇಕು. ತಪ್ಪಿದ್ದರೆ ಮತ್ತೆ ಮೊದಲಿಂದ. ಹೆಡ್ ಬಿಚ್ಚಿದಾಗ ಸಿಲಿಂಡರ್ ಲೈನರ್‌ಗಳನ್ನ ಕ್ಲ್ಯಾಂಪ್ ಹಾಕಿ ಹಿಡಿದಿಡಬೇಕು. ಮರೆತು ಕ್ರ್ಯಾಂಕ್ ತಿರುಗಿಸಿದರೆ ಲೈನರ್ ಮೇಲೆದ್ದು ಬುಡದ ಸೀಲ್ ಹೋಗುತ್ತೆ. ಆಮೇಲೆ ಎಣ್ಣೆಯೊಳಗೆ ನೀರು. ಎರಡನೇ ಗೇರಿನ ಸಿಂಕ್ರೋ ಸವೆಯೋದು ಈ ಕಾರಿನ ಹುಟ್ಟುಗುಣ. ಅದು ಚಿಕ್ಕ ರಿಂಗು, ಆದರೆ ಅದನ್ನ ತಲುಪೋಕೆ ಇಡೀ ಗೇರ್‌ಬಾಕ್ಸ್ ಇಳಿಸಬೇಕು.

ಟೀವಿಯಲ್ಲಿ ಇಂಥದ್ದೆಲ್ಲ ಎಷ್ಟು ಹೊತ್ತು ಬರುತ್ತೆ? ಒಂದೊಂದಕ್ಕೆ ಕೆಲವು ನಿಮಿಷ. ಕತ್ತರಿಸಿದ ಜಾಗದಲ್ಲಿ ಏನಿತ್ತು? ಹೆಚ್ಚಾಗಿ ಒಂದು ಬೋಲ್ಟ್ ಇರುತ್ತೆ. ತುಕ್ಕು ಹಿಡಿದ ಬೋಲ್ಟ್. ಎಣ್ಣೆ ಹಾಕಿ ರಾತ್ರಿಯಿಡೀ ಬಿಡೋದು, ಬೆಳಿಗ್ಗೆ ಕಾಯಿಸೋದು, ತಿರುಗಿಸೋದು, ತಲೆ ಮುರಿಯೋದು, ಡ್ರಿಲ್ ಹಾಕೋದು, ಹೊಸ ತಿರುಪು ಕೊರೆಯೋದು. ಬೋಲ್ಟಿನ ಬೆಲೆ ಏನೇನೂ ಅಲ್ಲ, ತಗೊಂಡ ಸಮಯ ಎರಡು ದಿನ. ಕೊನೆಯ ಲೆಕ್ಕದಲ್ಲಿ ಬರೋದು ಬೋಲ್ಟ್ ಮಾತ್ರ.

ಇಲ್ಲೊಂದು ವ್ಯತ್ಯಾಸ ಹೇಳಲೇಬೇಕು. ಮಿಲಾನಿನಲ್ಲೋ ಲಂಡನ್ನಿನಲ್ಲೋ ಯಾರೋ ಒಬ್ಬ ತನ್ನ ಶೆಡ್ಡಿನಲ್ಲಿ ಐದು ವರ್ಷ ಸ್ಪೈಡರ್ ರಿಪೇರಿ ಮಾಡ್ತಾನೆ ಅನ್ನಿ. ಅವನ ಭಾನುವಾರಗಳು ಅವನದ್ದು. ಸಿತಾರ್ ಕಲಿಯುವವನು ಗಂಟೆಗೆ ಎಷ್ಟು ಅಂತ ಲೆಕ್ಕ ಇಡ್ತಾನಾ? ದುಡ್ಡಿಲ್ಲದವನು ಸಮಯ ಕೊಟ್ಟು ಕಾರು ಎಬ್ಬಿಸೋದು ಪ್ರಾಮಾಣಿಕವಾದ ದಾರಿ. ಆದರೆ ಅದಕ್ಕೆ ‘ಪ್ರೀತಿ’ ಅನ್ನಬೇಕು, ‘ಉಳಿತಾಯ’ ಅನ್ನಬಾರದು, ‘ಲಾಭ’ ಅಂತೂ ಅನ್ನಲೇಬಾರದು. ‘ವೀಲರ್ ಡೀಲರ್ಸ್’ ಪ್ರೀತಿಯ ಕೆಲಸವನ್ನ ತೋರಿಸಿ ವ್ಯಾಪಾರದ ಲೆಕ್ಕ ಕೊಡುತ್ತೆ. ನನ್ನ ತಕರಾರು ಇಷ್ಟೇ. ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಬರೋ ‘ಕಾರ್ ಎಸ್‌ಓಎಸ್’ ನೋಡಿ. ಅಲ್ಲೂ ಹಳೇ ಕಾರೇ, ಆದರೆ ಕಷ್ಟದಲ್ಲಿರೋ ಮಾಲೀಕರಿಗೆ ಗೊತ್ತಾಗದ ಹಾಗೆ ರಿಪೇರಿ ಮಾಡಿ ವಾಪಸ್ ಕೊಡ್ತಾರೆ. ಕಣ್ಣೀರು ಸ್ವಲ್ಪ ಜಾಸ್ತಿ, ನನಗೆ ಅಷ್ಟು ಹಿಡಿಸಲ್ಲ. ಆದರೆ ಲಾಭದ ಅಂಕಿ ತೋರಿಸಲ್ಲ, ಹಾಗಾಗಿ ಸುಳ್ಳು ಲೆಕ್ಕವೂ ಇಲ್ಲ.

ಸೊನ್ನೆ ಅಂತ ಬರೆದಿಟ್ಟದ್ದು ಒಂದಲ್ಲ ಒಂದು ದಿನ ಬಿಲ್ ಆಗಿ ಬರುತ್ತೆ. ಇಲ್ಲೂ ಬಂತು. 2017ರ ಮಾರ್ಚ್‌ನಲ್ಲಿ ಎಡ್ ಚೈನಾ ವಿಡಿಯೋ ಹಾಕಿ ತಾನು ಕಾರ್ಯಕ್ರಮ ಬಿಡ್ತಾ ಇದೀನಿ ಅಂದ. 13 ಸರಣಿ ಆಗಿತ್ತು. ಅಷ್ಟರಲ್ಲಿ ತಯಾರಿಕೆ ಅಮೆರಿಕದ ವೆಲಾಸಿಟಿ ಚಾನೆಲ್‌ನ ಕೈಗೆ ಹೋಗಿತ್ತು. ವರ್ಕ್‌ಶಾಪಿನ ವಿವರವಾದ ಭಾಗ ಚಿತ್ರೀಕರಿಸೋದು ಚಾನೆಲ್‌ಗೆ ತುಂಬಾ ಕಷ್ಟ ಅನ್ನಿಸಿದೆ, ಅದನ್ನ ಕಡಿಮೆ ಮಾಡೋಕೆ ಹೊರಟಿದ್ದಾರೆ, ಹಾಗೆ ಮಾಡಿದರೆ ಗುಣಮಟ್ಟ ಹೋಗುತ್ತೆ, ಅದು ತನಗೆ ಒಪ್ಪಿಗೆ ಇಲ್ಲ ಅನ್ನೋದು ಅವನ ಮಾತಿನ ಸಾರಾಂಶ. ಕಾರ್ಯಕ್ರಮ ನಿಲ್ಲಲಿಲ್ಲ. ಆಂಟ್ ಆನ್‌ಸ್ಟೆಡ್ ಬಂದ, ಆಮೇಲೆ ಮಾರ್ಕ್ ಪ್ರೀಸ್ಟ್ಲಿ ಬಂದ. ಇಬ್ಬರೂ ಕೆಲಸ ಬಲ್ಲವರೇ.

ಆದರೆ ಆ ಸುದ್ದಿಯ ಒಳಗಿನ ತಮಾಷೆ ನೋಡಿ. ವರ್ಷಾನುಗಟ್ಟಲೆ ಪರದೆಯ ಮೇಲೆ ವರ್ಕ್‌ಶಾಪಿನ ಕೆಲಸಕ್ಕೆ ಬೆಲೆ ಸೊನ್ನೆ. ಪರದೆಯ ಹಿಂದೆ ಮಾತ್ರ ಚಾನೆಲ್‌ಗೆ ಹೊರೆಯಾಗಿ ಕಂಡದ್ದು ಅದೇ ಕೆಲಸ! ಅದು ಬಿಟ್ಟಿ ಆಗಿದ್ದರೆ ಕತ್ತರಿಸೋ ಮಾತು ಯಾಕೆ ಬರ್ತಿತ್ತು? ಅದಾದ ಮೇಲೆ ಎಡ್ ಯೂಟ್ಯೂಬಿನಲ್ಲಿ ತನ್ನದೇ ‘ವರ್ಕ್‌ಶಾಪ್ ಡೈರೀಸ್’ ಶುರುಮಾಡಿದ. ಅಲ್ಲಿ ಕೆಲಸ ಎಪಿಸೋಡಿನಿಂದ ಎಪಿಸೋಡಿಗೆ ಎಳೆಯುತ್ತೆ. ಕೆಲವರಿಗೆ ಬೋರು. ನನಗೆ ಅದೇ ನಿಜ ಅನ್ನಿಸುತ್ತೆ.

ಇದೆಲ್ಲ ವಿದೇಶದ ಮಾತು ಅಂತ ಬಿಡೋ ಹಾಗಿಲ್ಲ. ಇಟಲಿಯ ಕಾರು ನಮ್ಮ ಬೀದಿಗೂ ಬಂದಿತ್ತು. ಪ್ರೀಮಿಯರ್ ಪದ್ಮಿನಿ ಅಂದರೆ ಮುಂಬೈನಲ್ಲಿ ತಯಾರಾಗ್ತಿದ್ದ ಫಿಯೆಟ್ 1100. ಸ್ಪೋರ್ಟ್ಸ್ ಕಾರು ಖಂಡಿತ ಅಲ್ಲ. ಆದರೆ ಬೆಂಗಳೂರಿನಲ್ಲಿ ಈಗ ಅದನ್ನ ಎಬ್ಬಿಸೋ ಹುಚ್ಚು ನಮ್ಮಂಥ ಐಟಿಯವರಿಗೆ ಹತ್ತಿದೆ. ಶನಿವಾರ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಹುಡುಕೋದು, ಫೋಟೋ ಹಾಕೋದು, ‘ಕಮ್ಮಿ ಬಜೆಟ್ಟಲ್ಲಿ ಮುಗಿಸ್ದೆ ಮಚ್ಚಾ’ ಅನ್ನೋದು. ಅವರನ್ನ ಒಮ್ಮೆ ಕೇಳಿ, ಯಾರು ಮುಗಿಸಿದ್ದು? ಮುಗಿಸಿದ್ದು ಗ್ಯಾರೇಜಿನ ಹುಡುಗ. ಬೆಳಿಗ್ಗೆಯಿಂದ ಸಂಜೆವರೆಗೆ ಕಾರಿನ ಕೆಳಗೆ ಮಲಗಿ, ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಪುಟ್ಟಿ ಉಜ್ಜಿದವನು. ಅವನ ದಿನದ ಕೂಲಿ ಕಾರಿನ ಮಾಲೀಕ ಆ ವೀಕೆಂಡು ಕಾಫಿಗೆ ಕೊಟ್ಟದ್ದಕ್ಕಿಂತ ಬಹಳ ಹೆಚ್ಚೇನಿರಲ್ಲ. ಲಂಡನ್ನಿನಲ್ಲಿ ಕೂಲಿಯನ್ನ ಲೆಕ್ಕದಿಂದ ಬಿಟ್ಟು ಬಜೆಟ್ ಹೊಂದಿಸ್ತಾರೆ, ನಾವು ಕೂಲಿಯನ್ನೇ ಕಮ್ಮಿ ಕೊಟ್ಟು ಹೊಂದಿಸ್ತೀವಿ.

ನಮ್ಮ ಆಫೀಸುಗಳೂ ಇದಕ್ಕೆ ಹೊರತಲ್ಲ. ನಾನು ಹಿಂದೆ ಇದ್ದ ಒಂದು ಕಡೆ ಒಂದು ಹಳೇ ಸಿಸ್ಟಮ್ಮನ್ನ ಹೊಸದಕ್ಕೆ ಬದಲಿಸೋ ಪ್ರಾಜೆಕ್ಟು. ಹೇಳಿದ ಬಜೆಟ್ಟಿನೊಳಗೆ ಮುಗೀತು ಅಂತ ಕೇಕ್ ಕತ್ತರಿಸಿದರು. ಟೈಮ್‌ಶೀಟಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಬರೆಯೋಕೆ ಜಾಗವೇ ಇರಲಿಲ್ಲ. ಒಂಬತ್ತು ಶನಿವಾರ ರಾತ್ರಿ ನಾವು ಆರು ಜನ ಅಲ್ಲೇ ಇದ್ದೆವು. ಆ ರಾತ್ರಿಗಳು ಎಲ್ಲೂ ಬರೆದಿಲ್ಲ. ‘ನಾವೆಲ್ಲ ಒಂದು ಫ್ಯಾಮಿಲಿ’ ಅಂತ ಕೇಕ್ ಕತ್ತರಿಸುವಾಗ ಒಬ್ಬರು ಅಂದರು. ಅಪ್ಪ ಹೇಳಿದ್ದು ಅದನ್ನೇ ಅಲ್ವಾ? ಲೆಕ್ಕಕ್ಕೆ ಹಿಡಿಯದ ಆಳು ಮನೆಯವನೇ ಇರ್ಬೇಕು.

ಈ ಲೆಕ್ಕ ಅಪ್ಪನಿಗೆ ಗೊತ್ತಾಗೋದು ಸಹಜ. ನಮ್ಮ ಮನೆಯ ರಾಗಿ ಲೆಕ್ಕವೂ ಹೀಗೇ. ಕ್ಯಾಲೆಂಡರಿನ ಹಿಂದೆ ಅಪ್ಪ ಬರೀತಾರೆ: ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಕುಯ್ಲಿಗೆ ಬಂದವರ ಕೂಲಿ. ಅಮ್ಮ ಕಳೆ ಕಿತ್ತದ್ದು, ಆಳುಗಳಿಗೆ ಬುತ್ತಿ ಹೊತ್ತದ್ದು, ಕಣದಲ್ಲಿ ತೂರಿದ್ದು ಯಾವುದೂ ಅದರಲ್ಲಿ ಇರಲ್ಲ. ವಿಚಿತ್ರ ಅಂದ್ರೆ ಸರ್ಕಾರಕ್ಕೆ ಇದು ಗೊತ್ತು. ಬೆಂಬಲ ಬೆಲೆ ಶಿಫಾರಸು ಮಾಡೋ ಕೃಷಿ ವೆಚ್ಚ ಮತ್ತು ಬೆಲೆ ಆಯೋಗ, ಕೈಯಿಂದ ಕೊಟ್ಟ ಖರ್ಚಿಗೆ ‘ಎ2’ ಅನ್ನುತ್ತೆ, ಅದರ ಜೊತೆ ಮನೆಯವರ ದುಡಿಮೆಗೂ ಒಂದು ಬೆಲೆ ಕಟ್ಟಿ ‘ಎಫ್‌ಎಲ್’ ಅಂತ ಸೇರಿಸುತ್ತೆ. ಆಯೋಗದ ಕಾಗದದಲ್ಲಿ ಅಮ್ಮ ಇದ್ದಾಳೆ, ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಇಲ್ಲ.

ಹೋದ ಸುಗ್ಗಿಯಲ್ಲಿ ನಾನೇ ಒಂದು ಎಕ್ಸೆಲ್ ಶೀಟ್ ಮಾಡಿ, ಅಮ್ಮನ ದಿನಗಳಿಗೆ ಅಂತ ಒಂದು ಕಾಲಂ ಹಾಕಿದೆ. ಫೋನಿನಲ್ಲಿ ಕೇಳ್ತಾ ಬರ್ಕೊಳ್ತಿದ್ದೆ. ಆಳಿಗೆ ಕೊಡೋ ಕೂಲಿಯನ್ನೇ ಅಮ್ಮನಿಗೂ ಹಿಡಿದೆ. ಮೊದಲ ವಾರವೇ ಲಾಭದ ಅಂಕಿ ಕೆಂಪಾಯ್ತು. ಅಮ್ಮನಿಗೆ ಹೇಳಿದರೆ ನಕ್ಕಳು.

“ಅದುನ್ಯಾಕ್ ಬರೀತಿಯ ಮಗ, ಯಾರು ಕೊಡ್ತಾರೆ ಅದುನ್ನ?”

ಯಾರೂ ಕೊಡಲ್ಲ, ನಿಜ. ಸ್ಪೈಡರ್ ಎಬ್ಬಿಸಿದವನ ಭಾನುವಾರಗಳನ್ನೂ ಯಾರೂ ಕೊಡಲ್ಲ. ಆದರೆ ಹಳೇ ಕಾರಿಗೆ ಕೈಹಾಕೋ ಗೆಳೆಯರಿಗೆಲ್ಲ ನಾನು ಈಗ ಒಂದೇ ಮಾತು ಹೇಳ್ತೀನಿ: ಶೆಡ್ಡಿನ ಗೋಡೆಗೆ ಒಂದು ಹಾಳೆ ಅಂಟಿಸಿ, ಯಾರು ಎಷ್ಟು ಗಂಟೆ ದುಡಿದರು ಅಂತ ಬರೀರಿ, ನಿಮ್ಮದೂ ಗ್ಯಾರೇಜ್ ಹುಡುಗನದ್ದೂ. ಕಾರು ಸ್ಟಾರ್ಟ್ ಆದ ದಿನ ಆ ಹಾಳೆ ನೋಡಿ, ಆಮೇಲೆ ಬಜೆಟ್ ಎಷ್ಟಾಯ್ತು ಅಂತ ಹೇಳಿ. ‘ವೀಲರ್ ಡೀಲರ್ಸ್’ ನಾನು ಇನ್ನೂ ನೋಡ್ತೀನಿ, ಕೊನೆಯ ಎರಡು ನಿಮಿಷ ಬಿಟ್ಟು. ಅಮ್ಮನ ಕಾಲಂ ಮಾತ್ರ ಅಳಿಸಿಲ್ಲ.